ಗಡ್ಡದ ಎಂಪಿಗೆ ಚೆಂಡುಹೂವಿನ ಹಾರ

ನನ್ನದು ಸುಮ್ಮನಿರೋ ಕೈಯಲ್ಲ. ಯಾರ ಮನೆಗೆ ಹೋದರೂ ಓರೆಯಾಗಿರೋ ಕ್ಯಾಲೆಂಡರು ನೆಟ್ಟಗೆ ಮಾಡ್ತೀನಿ, ಕೇಳದೇ ಅವರ ಸಾರಿಗೆ ಉಪ್ಪು ಹಾಕ್ತೀನಿ. ನಮ್ಮ ಯಜಮಾನರು ಇದಕ್ಕೆ ಅಧಿಕಪ್ರಸಂಗ ಅಂತಾರೆ. ಮದುವೆಯಾದಾಗಿನಿಂದ ಅವರು ಅಂತಾನೇ ಇದ್ದಾರೆ, ನಾನು ಹಾಕ್ತಾನೇ ಇದ್ದೀನಿ. ಆದರೆ ಸತ್ತು ನೂರು ವರ್ಷ ದಾಟಿದ ಅಮೆರಿಕದ ಎಂಪಿಯೊಬ್ಬನಿಗೆ ಹಾರ ಹಾಕಿ, ಈ ದೇಶದಲ್ಲಿ ನನಗಿದ್ದ ಒಬ್ಬಳೇ ಗೆಳತಿಯನ್ನ ಕಳಕೊಳ್ಳೋ ಮಟ್ಟಕ್ಕೆ ಹೋಗಿದ್ದು ಮಾತ್ರ ಹೋದ ವರ್ಷ.

ಪಾಲೋ ಆಲ್ಟೋದಲ್ಲಿದ್ದ ನಮ್ಮ ಆಫೀಸಿನವರು ಒಂದು ಬೆಳಗ್ಗೆ ಈಮೇಲಿನಲ್ಲೇ ನನ್ನನ್ನ ಮನೆಗೆ ಕಳಿಸಿದ್ದರು. ಇಪ್ಪತ್ತು ವರ್ಷ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕೋ ಕೆಲಸ ಮಾಡಿದವಳು ನಾನು, ಮನೆಯಲ್ಲಿ ಕೂತರೆ ಗಂಡನ ತಪ್ಪು ಹುಡುಕೋಕೆ ಶುರು ಮಾಡಿದೆ. ಪ್ರಾಣಭಯದಿಂದಲೋ ಏನೋ, ಅವರೇ ಲೈಬ್ರರಿಯಲ್ಲಿ ಒಂದು ಚೀಟಿ ನೋಡಿಕೊಂಡು ಬಂದರು. ನಮ್ಮ ಕಡೆಯ ಒಂದು ಸಣ್ಣ ಇತಿಹಾಸ ಕೋಣೆಗೆ ಸಂಬಳವಿಲ್ಲದೆ ದುಡಿಯೋರು ಬೇಕಂತೆ. ಹಳೇ ಫೋಟೋ, ಹಳೇ ಕಾಗದ ಜೋಡಿಸಿಡೋ ಕೆಲಸ. ವಾಲ್ನಟ್ ಕ್ರೀಕಿನ ನಮ್ಮ ಅಪಾರ್ಟ್‌ಮೆಂಟಿನಿಂದ ಹತ್ತು ನಿಮಿಷದ ಡ್ರೈವು. ಮಾರನೇ ದಿನಾನೇ ಹೋಗಿ ಸೇರಿಕೊಂಡೆ.

ಆ ಕೋಣೆ ನಡೆಸೋರು ಎಂಬತ್ತರ ಆಸುಪಾಸಿನ ಒಬ್ಬ ಚೀನೀ ಹೆಂಗಸು, ರಿಟೈರಾದ ಸ್ಕೂಲ್ ಟೀಚರು. ಚೀನೀ ಅಂದರೆ ಅವರ ತಾತನ ಕಾಲದಿಂದ ಇಲ್ಲೇ ಇರೋರು. ಚೀನೀ ಭಾಷೆ ನನಗೆ ಎಷ್ಟು ಬರುತ್ತೋ ಅವರಿಗೂ ಅಷ್ಟೇ ಬರೋದು. ನಾವಿಬ್ಬರೂ ಮಾತಾಡೋದು ಇಂಗ್ಲಿಷಿನಲ್ಲಿ. ಆದರೆ ಮೊದಲ ವಾರದಿಂದಲೂ ಮನಸ್ಸಿನಲ್ಲಿ ನಾನು ಅವರನ್ನ ಕರೆಯೋದು ಅಕ್ಕ ಅಂತ. ಈ ಊರಲ್ಲಿ ಪಕ್ಕದ ಮನೆಗೆ ಕೊತ್ತಂಬರಿ ಸೊಪ್ಪು ಕೇಳೋಕೆ ಹೋಗಬೇಕಾದರೂ ಮೊದಲು ಮೆಸೇಜು ಹಾಕಬೇಕು. ಅಕ್ಕನ ಮನೆಗೆ ಮಾತ್ರ ಹಾಗೇ ಹೋಗಬಹುದಿತ್ತು. ಬಾಗಿಲು ತಟ್ಟಿದರೆ ಒಳಗಿನಿಂದಲೇ, "ಚಪ್ಪಲಿ ಅಲ್ಲೇ ಬಿಡು" ಅನ್ನೋರು. ಬಾ ಅಂತಲೂ ಇಲ್ಲ, ಹೇಗಿದ್ದೀಯ ಅಂತಲೂ ಇಲ್ಲ. ಆ ಒಂದು ಮಾತು ಕೇಳಿದರೆ ನನಗೆ ತವರಿಗೆ ಬಂದಷ್ಟು ಸಮಾಧಾನ.

ಹಾಗೆ ಹೋದ ಒಂದು ಮಧ್ಯಾಹ್ನ ಅವರು ತಮ್ಮ ಮುತ್ತಜ್ಜನ ಕತೆ ಹೇಳಿದ್ದರು. ಮುತ್ತಜ್ಜ ಇಲ್ಲಿ ನದಿಯ ಪಕ್ಕ ಮಣ್ಣಿನ ಏರಿ ಹಾಕೋ ಕೂಲಿಯಾಗಿದ್ದವರು. ಹೆಂಡತಿ ಮಗುವನ್ನ ನೋಡಿಕೊಂಡು ಬರೋಣ ಅಂತ ಊರಿಗೆ ಹೋದರು, ವಾಪಸ್ ಬರೋಕೆ ಸರ್ಕಾರದ ಕಾಗದವನ್ನೂ ಜೇಬಿನಲ್ಲಿಟ್ಟುಕೊಂಡು. ಅವರು ಸಮುದ್ರದ ಮೇಲಿರುವಾಗಲೇ ಇಲ್ಲಿ ಹೊಸ ಕಾನೂನು ಬಂದು ಆ ಕಾಗದ ರದ್ದಾಯಿತು. ಹಡಗು ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿತು, ಊರು ಕಣ್ಣಿಗೆ ಕಾಣ್ತಿತ್ತು, ಇಳಿಯೋಕೆ ಬಿಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ. ಹಾಗೇ ವಾಪಸ್ ಕಳಿಸಿದರು. ಅವರು ಮತ್ತೆ ತಮ್ಮ ಊರನ್ನೂ ಮುಟ್ಟಲಿಲ್ಲ. ಎಲ್ಲಿ ಹೋದರು, ಏನಾದರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಎಷ್ಟೋ ವರ್ಷದ ಮೇಲೆ ಅವರ ಮಗ, ಇಲ್ಲಿದ್ದ ಬೇರೆ ಯಾರದೋ ಮಗ ಅಂತ ಸುಳ್ಳು ಕಾಗದ ಮಾಡಿಸಿಕೊಂಡು ಬಂದಿಳಿದ. ಅಕ್ಕನ ಮನೆತನದ ಹೆಸರೇ ಅವರದಲ್ಲ. ಅವರು ಇದನ್ನ ಹೇಳಿ ಎದ್ದು ಗಿಡಕ್ಕೆ ನೀರು ಹಾಕಿದರು, ನಾನು ಕೂತು ಅತ್ತೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಕೆಲಸ ಮಾಡಿದೆ. ಅದಕ್ಕೇ ನನಗೆ ನನ್ನ ಮೇಲೇ ಸಿಟ್ಟು.

ಹೋದ ವರ್ಷ ಕೋಣೆಯನ್ನ ಊರಿನವರಿಗೆಲ್ಲ ತೆರೆದು ತೋರಿಸೋ ಒಂದು ಶನಿವಾರ ಗೊತ್ತಾಯಿತು. ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಕ್ಷೇತ್ರದಿಂದ ಕಾಂಗ್ರೆಸ್ಸಿಗೆ ಹೋದವರ ಫೋಟೋಗಳನ್ನ ಸಾಲಾಗಿ ಹಾಕಿ, ಪ್ರತಿಯೊಬ್ಬರ ಕೆಳಗೂ ಏನು ಮಾಡಿದರು ಅಂತ ನಾಲ್ಕು ಸಾಲಿನ ಕಾರ್ಡು ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ಇಲ್ಲಿ ಕಾಂಗ್ರೆಸ್ಸು ಅಂದರೆ ಪಾರ್ಟಿ ಅಲ್ಲ, ಪಾರ್ಲಿಮೆಂಟು. ಹೋದವರು ನಮ್ಮ ಲೆಕ್ಕದಲ್ಲಿ ಎಂಪಿಗಳು. ಅಕ್ಕ ಒಬ್ಬೊಬ್ಬರಿಗೂ ಒಂದೊಂದು ಫೈಲು ಮಾಡಿಟ್ಟಿದ್ದರು. ಫೈಲು ಪೂರ್ತಿ ಓದಿ ಬರಿ ಅಂತ ಎರಡು ಸಲ ಹೇಳಿದರು.

ಪೂರ್ತಿ ಓದೋದಾ? ಒಂಬತ್ತು ಜನ, ಒಂಬತ್ತು ಗಡ್ಡ. ಮೊದಮೊದಲು ಕ್ಷೇತ್ರ ಅಂತಲೇ ಇರಲಿಲ್ಲವಂತೆ, ಇಡೀ ರಾಜ್ಯಕ್ಕೆ ಸೇರಿ ಇಬ್ಬರು. ಆಮೇಲೆ ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು, ನಂಬರು ಬದಲಾಯಿಸಿದರು. ನಾವಿರೋ ಜಾಗ ಯಾವಾಗ ಯಾರ ಪಾಲಿಗಿತ್ತು ಅಂತ ಹುಡುಕೋದರಲ್ಲೇ ನನ್ನ ಒಂದು ವಾರ ಹೋಯಿತು. ನಮ್ಮ ಮಂಡ್ಯದಲ್ಲಿ ಅಣ್ಣತಮ್ಮಂದಿರು ಗದ್ದೆ ಬದು ಒತ್ತುವರಿ ಮಾಡೋದು ಇದಕ್ಕಿಂತ ನಿಯತ್ತಾಗಿರುತ್ತೆ. ಎಂಪಿಗಳೋ, ಮುಕ್ಕಾಲು ಪಾಲು ವಕೀಲರು. ಚಿನ್ನ ಅಗೆಯೋಕೆ ಅಂತ ಬಂದು, ಚಿನ್ನ ಸಿಗದೆ ಕರಿಕೋಟು ಹಾಕಿಕೊಂಡವರು. ಒಬ್ಬ ಒಂದೇ ಸಲ ಗೆದ್ದು ಮತ್ತೆ ಪತ್ತೆ ಇಲ್ಲ. ಇನ್ನೊಬ್ಬ ಅಂಗಿ ಬದಲಾಯಿಸಿದ ಹಾಗೆ ಪಾರ್ಟಿ ಬದಲಾಯಿಸಿದವನು. ರೈಲು ಬರೋಕೆ ಮುಂಚಿನವರು ಪನಾಮಾ ಕಡೆಯಿಂದ ಹಡಗಿನಲ್ಲಿ ವಾರಗಟ್ಟಲೆ ಹೋಗಿ, ವಾಂತಿ ಮಾಡಿಕೊಂಡು ಪ್ರಮಾಣವಚನ ತಗೊಂಡಿರಬೇಕು ಪಾಪ. ನೂರು ವರ್ಷ, ಸಮುದ್ರ, ಖಂಡ ಎಲ್ಲ ದಾಟಿದರೂ ರಾಜಕಾರಣಿಯ ಜಾತಿ ಒಂದೇ ಅಂತ ನಾನು ಯಜಮಾನರಿಗೆ ಹೇಳಿದೆ. ಅವರು ಕ್ರಿಕೆಟ್ ನೋಡ್ತಾ ಹೂಂ ಅಂದರು.

ಪ್ರತಿ ಫೈಲಿನ ಮೊದಲ ಪುಟ, ಆತ ಸತ್ತಾಗ ಪೇಪರಿನಲ್ಲಿ ಬಂದ ಸುದ್ದಿ. ನಾನು ಓದಿದ್ದು ಅದೊಂದನ್ನೇ. ಸತ್ತ ಮೇಲೆ ಎಲ್ಲರೂ ಒಳ್ಳೆಯವರು ತಾನೇ? ಅದರಲ್ಲೂ ಒಬ್ಬನ ಬಗ್ಗೆ ಹೊಗಳಿಕೆ ಏನು ಕೇಳ್ತೀರಿ. ಬಡವರ ಬಂಧು, ದುಡಿಯೋರ ದನಿ, ಊರೇ ಅತ್ತಿತಂತೆ. ಗಡ್ಡ ನೋಡಿದರೆ ಎದೆಯ ತನಕ ಇಳಿದು ಯಾವುದೋ ಮಠದ ಸ್ವಾಮಿಗಳ ಹಾಗೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಳಂತೆ ಒಬ್ಬಳು, ಅವಳೂ ನಾನೂ ಒಂದೇ ಬ್ಯಾಚು. ಪೇಪರಿನಲ್ಲಿದ್ದಿದ್ದನ್ನ ಹಾಗೇ ಕಾರ್ಡಿಗೆ ಇಳಿಸಿದೆ.

ಆ ಶನಿವಾರದ ಹಿಂದಿನ ದಿನ ಇಲ್ಲೇ ಹತ್ತಿರದ ನೆವಾರ್ಕಿನಲ್ಲಿ ಹಾಸನದ ಕಡೆಯವರೊಬ್ಬರ ಗೃಹಪ್ರವೇಶ. ಬಾಗಿಲಿಗೆ ಕಟ್ಟಿ ಮಿಕ್ಕ ಚೆಂಡುಹೂವಿನ ಹಾರ ಒಂದನ್ನ ಬಿಸಾಕೋಕೆ ಮನಸ್ಸು ಬರದೆ ಕಾರಿನಲ್ಲಿ ಹಾಕಿಕೊಂಡು ಬಂದಿದ್ದೆ. ಶನಿವಾರ ಬೆಳಗ್ಗೆ ಫೋಟೋಗಳನ್ನೆಲ್ಲ ಗೋಡೆಗೆ ನೇತುಹಾಕಿ, ಹಿಂದೆ ಸರಿದು ನೋಡಿದರೆ ಏನೋ ಕೊರತೆ. ಒಂಬತ್ತು ಜನ ಸತ್ತವರು, ಬರೀ ಕೊರಳಿನಲ್ಲಿ ಗೋಡೆ ಮೇಲೆ ನೇತಾಡ್ತಿದ್ದಾರೆ. ನಮ್ಮ ಮನೆಗಳಲ್ಲಿ ಸತ್ತವರ ಫೋಟೋ ಹಾರವಿಲ್ಲದೆ ಇರುತ್ತಾ? ಪಾಪ ಅನ್ನಿಸಿತು. ಇದ್ದದ್ದು ಒಂದೇ ಹಾರ. ಒಂಬತ್ತರಲ್ಲಿ ಯಾರು ಯೋಗ್ಯರು ಅಂತ ನೋಡಿದೆ. ಬಡವರ ಬಂಧುವಿಗೇ ಹಾಕಿದೆ. ಪರ್ಸಿನಲ್ಲಿದ್ದ ಕುಂಕುಮ ತೆಗೆದು ಗಾಜಿನ ಮೇಲೆ ಹಣೆಗೆ ಸರಿಯಾಗಿ ಒಂದು ಬೊಟ್ಟನ್ನೂ ಇಟ್ಟೆ.

ಬಂದವರಿಗೆಲ್ಲ ಅದೇ ಇಷ್ಟವಾಯಿತು. ಮಕ್ಕಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡವು. ನಾನು ಬೀಗ್ತಾ ಓಡಾಡಿದೆ. ಆಮೇಲೆ ಅಕ್ಕ ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ಬಂದರು. ಸಾಲನ್ನ ಒಂದು ಕಡೆಯಿಂದ ನೋಡ್ತಾ ಬಂದು ಆ ಗಡ್ಡದವನ ಮುಂದೆ ನಿಂತರು. ಹಾರ ನೋಡಿದರು, ಕಾರ್ಡು ಓದಿದರು. ಯಾರು ಹಾಕಿದ್ದು ಅಂತ ಕೇಳಿದರು. ನಾನೇ ಅಂತ ಎದೆಯುಬ್ಬಿಸಿ ಹೇಳಿದೆ. ತಟ್ಟೆಯನ್ನ ಮೇಜಿನ ಮೇಲಿಟ್ಟರು, ಕೋಟು ತಗೊಂಡರು, ಹೊರಟೇಹೋದರು. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ.

ಎಲ್ಲರೂ ಹೋದ ಮೇಲೆ ಆತನ ಫೈಲು ತೆಗೆದು ಎರಡನೇ ಪುಟದಿಂದ ಓದಿದೆ. ಚೀನೀಯರನ್ನ ದೇಶದೊಳಕ್ಕೇ ಬಿಡಬಾರದು ಅಂತ ಸಭೆಯಲ್ಲಿ ಎದ್ದು ನಿಂತು ಪುಟಗಟ್ಟಲೆ ಮಾತಾಡಿದ್ದ. ಇಲಿ, ಹೆಗ್ಗಣ, ರೋಗ, ಏನೇನು ಅನ್ನಬಹುದೋ ಅದೆಲ್ಲ ಅಂದಿದ್ದ. ಅಕ್ಕನ ಮುತ್ತಜ್ಜನ ಕಾಗದ ರದ್ದು ಮಾಡಿದ ಕಾನೂನಿಗೂ ಓಟು ಹಾಕಿದ್ದ. ಉಳಿದವರ ಫೈಲೂ ತೆಗೆದೆ, ಆ ಕಾಲದ ಮಿಕ್ಕವರೂ ಏನೂ ಕಮ್ಮಿ ಇರಲಿಲ್ಲ. ಮೂರು ಸಾವಿರ ಮೈಲಿ ಆಚೆಯಿಂದ ತಾನೇ ಗಂಟುಮೂಟೆ ಕಟ್ಟಿಕೊಂಡು ಬಂದವನು ಈ ನನ್ನ ಮಗ. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ನೋಡಿಲ್ವಾ, ಹತ್ತೋ ತನಕ 'ಒಳಗೆ ಸರೀರಿ, ಒಳಗೆ ಸರೀರಿ', ತನ್ನ ಕಾಲು ಒಳಗೆ ಬಿದ್ದ ತಕ್ಷಣ 'ರೈಟ್, ಹೋಗಲಿ'. ಅಂಥವನು. ಅಂಥವನ ಹಣೆಗೆ ನಾನು ಬೊಟ್ಟಿಟ್ಟಿದ್ದೆ. ಆ ಕಾರ್ಡನ್ನ ಅಲ್ಲೇ ಹರಿದು, ಹೊಸದು ಬರೆಯೋಕೆ ಕೂತೆ.

ಮನೆಗೆ ಬಂದು ಹೇಳಿದರೆ ಯಜಮಾನರು, ಮಾಡಿದ್ದುಣ್ಣೋ ಮಹಾರಾಯ ಅಂದರು. ಆಮೇಲೆ ನನ್ನ ಮುಖ ನೋಡಿ ಟಿವಿ ಆರಿಸಿದರು. ನಾಳೆ ಬೆಳಗ್ಗೆ ಹೋಗಿ ಬಾ, ಸಬೂಬು ಹೇಳಬೇಡ ಅಂದರು. ಜೀವನದಲ್ಲಿ ಒಂದು ಸಲ ಅವರು ಹೇಳಿದ್ದು ಸರಿಯಿತ್ತು.

ಭಾನುವಾರ ಬೆಳಗ್ಗೆ, ಅಕ್ಕನ ಮನೆಗೆ ಹೋಗೋಕೆ ಮುಂಚೆ ಮೊದಲ ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಹೋದೆ. ಬಾಗಿಲು ತಟ್ಟಿದರೆ ಒಳಗಿನಿಂದ ಮಾತಿಲ್ಲ. ಎಷ್ಟೋ ಹೊತ್ತಿಗೆ ಅಕ್ಕ ಬಂದು ಬಾಗಿಲು ತೆರೆದು, ಅದನ್ನ ಹಿಡಿದುಕೊಂಡೇ ನಿಂತರು. ಚಪ್ಪಲಿ ಬಿಡು ಅನ್ನಲಿಲ್ಲ. ನಾನು ಮೊದಲ ಪುಟ ಮಾತ್ರ ಓದಿದೆ, ಸೋಮಾರಿತನ, ತಪ್ಪಾಯಿತು ಅಂದೆ. ಕಾರ್ಡು ಹರಿದು ಹಾಕಿ ಹೊಸದು ಬರೆದಿದ್ದೀನಿ, ಆತ ಆಡಿದ್ದೂ ಮಾಡಿದ್ದೂ ಎಲ್ಲ ಇದೆ, ಓದಿ ನೋಡಿ ಅಂತ ಕೊಟ್ಟೆ.

ಅಕ್ಕ ಓದಿದರು. ಓದಿ, ಮೆತ್ತಗೆ ಹೇಳಿದರು, "ಅವನ ಫೋಟೋ ಗೋಡೆ ಮೇಲೆ ಇರಲಿ ಅಂದವಳು ನಾನೇ. ಆದರೆ ನೀನು ಅವನಿಗೆ ಹೂವು ಹಾಕಿದೆ."

ಗೌರವಕ್ಕೇ ಹಾಕಿದ್ದೆ, ಅದರಲ್ಲಿ ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ಹಾಗೇ ಹೇಳಿದೆ. ಆದರೆ ಅಕ್ಕ, ಅಂದೆ, ಆ ಅಕ್ಕ ಅನ್ನೋದೊಂದು ಕನ್ನಡದಲ್ಲೇ ಬಾಯಿಗೆ ಬಂತು, ನಮ್ಮಲ್ಲಿ ಬದುಕಿರೋರ ಫೋಟೋಗೆ ಯಾರೂ ಹಾರ ಹಾಕಲ್ಲ. ಹಾಕಿದರೆ ಆ ಮನೆಯವರು ಪೊರಕೆ ತಗೊಂಡು ಬರ್ತಾರೆ. ಫೋಟೋ ಮೇಲೆ ಹಾರ ಕಂಡರೆ ನಾವು ಕೇಳೋದೇ ಇಲ್ಲ, ಇವರು ತೀರಿಕೊಂಡಿದ್ದಾರೆ, ಇನ್ನು ಬರಲ್ಲ ಅಂತ ಅರ್ಥ.

ಅವರು ನನ್ನನ್ನೇ ನೋಡಿದರು. ಖಂಡಿತಾನಾ ಅಂತ ಕೇಳಿದರು. ಖಂಡಿತ ಅಂದೆ. ಅಕ್ಕ ಅಂದರೇನು ಅಂತ ಕೇಳಿದರು. ಹೇಳಿದೆ. ಬಾಗಿಲು ಬಿಟ್ಟು ಒಳಗೆ ನಡೆದರು. ನಾನು ಅಲ್ಲೇ ನಿಂತಿದ್ದೆ. ಅಡುಗೆಮನೆಯಿಂದ ದನಿ ಬಂತು, "ಚಪ್ಪಲಿ ಅಲ್ಲೇ ಬಿಡು."

ಹಾರ ತೆಗೆಯೋದು ಬೇಡ ಅಂದರು ಅಕ್ಕ. ಅವನು ಸತ್ತಿದ್ದಾನೆ ಅಂತ ದಿನಾ ಕಣ್ಣಿಗೆ ಕಾಣ್ತಿರಲಿ ಅಂದು ನಕ್ಕರು. ಹೂವು ಒಣಗಿದ ಹಾಗೆಲ್ಲ ನಾನು ಬದಲಾಯಿಸ್ತೀನಿ, ಒಂದೂ ವಾರ ತಪ್ಪಿಸಿಲ್ಲ. ಹೋದ ತಿಂಗಳು ಅಕ್ಕ ಆತನ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದು ಒಂದು ಖಾಲಿ ಚೌಕಟ್ಟು ನೇತುಹಾಕಿದರು. ಮುತ್ತಜ್ಜನದು. ಅವರದು ಫೋಟೋ ಇಲ್ಲವಲ್ಲ. ಕೆಳಗಿನ ಕಾರ್ಡನ್ನ ತಾವೇ ಬರೆದರು. ಚೌಕಟ್ಟು ಓರೆಯಾಗಿತ್ತು, ನಾನು ಹೋಗಿ ನೆಟ್ಟಗೆ ಮಾಡಿದೆ. ಸುಮ್ಮನಿರಲಾರದೆ, ಇವರಿಗೂ ಒಂದು ಒಳ್ಳೇ ಹಾರ ತರ್ತೀನಿ ಅಂದೆ.

"ಬೇಡ" ಅಂದರು ಅಕ್ಕ. "ಅವರು ಇನ್ನೂ ಹಡಗಿನಲ್ಲೇ ಇದ್ದಾರೆ."