ಡೈರಿಯಲ್ಲಿ ಬರೆದ ಐದು ಗಂಟೆ

ಮಕ್ಕಳು ಕಾಣೆಯಾದ ದೂರು ಬಂದ ಕೂಡಲೇ ಏನು ಮಾಡಬೇಕು ಅಂತ ಪೊಲೀಸರಿಗೆ ಹೇಳಿಕೊಡುವ ಕೆಲಸಕ್ಕೆ ನನ್ನನ್ನು ಆರಿಸಿದಾಗ ಮನೆಯವರೆಲ್ಲ ಖುಷಿಪಟ್ಟರು. ನನಗೆ ಮಾತ್ರ ಅವತ್ತು ಅನ್ನ ಇಳಿಯಲಿಲ್ಲ.

ತರಬೇತಿ ಮಧುಗಿರಿಯಲ್ಲಿ. ಶಿರಾ, ಕೊರಟಗೆರೆ, ಪಾವಗಡದಿಂದ ಬಂದ ಪೇದೆಗಳು ಊಟ ಮುಗಿಸಿ ತೂಕಡಿಸುತ್ತಿದ್ದರು. ನನ್ನದು ಮೊದಲೇ ಜೋರು ಬಾಯಿ. "ಎದ್ದು ಮುಖ ತೊಳ್ಕೊಂಡು ಬರ್ರಪ್ಪ! ನಿಮ್ಮ ಮಗು ಕಳೆದೋಗಿದ್ರೆ ಹಿಂಗೆ ನಿದ್ದೆ ಬರ್ತಿತ್ತಾ?" ಅಂದೆ. ಆಮೇಲೆ ಕೇಳಿದೆ, "ಒಬ್ಬ ತಾಯಿ ಓಡಿಬಂದು ಮಗಳು ಕಾಣ್ತಿಲ್ಲ ಅಂತಾಳೆ. ಮೊದಲು ಏನು ಹೇಳ್ತೀರಿ?"

ಮೀಸೆ ನರೆತ ಪೇದೆಯೊಬ್ಬರು, "ನೆಂಟ್ರ ಮನೆಗೋಗಿರ್ತಾಳೆ, ವಿಚಾರಿಸ್ಕಂಡು ಬಾರಮ್ಮ ಅಂತೀವಿ" ಅಂದರು. ಎಲ್ಲರೂ ತಲೆಯಾಡಿಸಿದರು. ನಮ್ಮ ಕಡೆ ಒಂದೊಂದು ಮನೆಗೂ ನಾಲ್ಕು ತಾಲ್ಲೂಕಿನಲ್ಲಿ ನೆಂಟರು. ಅಜ್ಜಿ ಬಂದು ಹೊರಟರೆ ಸಾಕು, ಮಕ್ಕಳು ಹೇಳದೆ ಕೇಳದೆ ಹಿಂದೆಯೇ ಬಸ್ಸು ಹತ್ತಿಬಿಡುತ್ತವೆ.

"ಹಂಗೆ ಹೇಳಿದ ಮಹಿಳಾ ಪೇದೆಯೊಬ್ಬಳ ಕಥೆ ಕೇಳಿ" ಅಂದೆ.

ಕಾಣೆಯಾದವಳು ಆರು ವರ್ಷದ ಹುಡುಗಿ. ತಾಯಿ ಠಾಣೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಪೇದೆ ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದಳು. "ನಿನ್ನ ತಂಗಿ ಪುರವರದಲ್ಲಿದ್ದಾಳೆ ತಾನೇ? ಮೊದ್ಲು ಅಲ್ಲೋಗಿ ನೋಡ್ಕಂಡು ಬಾ" ಅಂತ ಕಳಿಸಿದಳು. ತಾಯಿ ಬಸ್ಸು ಹಿಡಿದು ಹೋಗಿ, ಬರಿಗೈಯಲ್ಲಿ ವಾಪಸ್ ಬಂದಾಗ ಐದು. ಆಮೇಲೆ ಸುತ್ತಲಿನ ಠಾಣೆಗಳಿಗೆಲ್ಲ ಫೋನು ಹೋಯಿತು. ಹೊಳವನಹಳ್ಳಿ ಬಸ್ ಸ್ಟಾಪಿನ ಟೀ ಅಂಗಡಿಯವನು ಫೋಟೋ ನೋಡಿ, "ಇದೇ ಮಗು. ಮೂರೂವರೆಗೆ ಯಾರೋ ಹೆಂಗಸು ಎಳ್ಕೊಂಡು ಬಸ್ಸು ಹತ್ತಿದ್ಲು, ಮಗು ಅಳ್ತಾ ಇತ್ತು" ಅಂದ. ಹುಡುಗಿ ಇವತ್ತಿಗೂ ಸಿಕ್ಕಿಲ್ಲ.

ಹಿಂದಿನ ಸಾಲಿನಲ್ಲಿದ್ದ ಮಹಿಳಾ ಪೇದೆಯೊಬ್ಬಳು ಕೈ ಎತ್ತಿದಳು. "ಆ ಪೇದೆಗೆ ಏನು ಶಿಕ್ಷೆ ಆಯ್ತು ಮೇಡಂ?"

"ಏನೂ ಇಲ್ಲ. ತಾಯಿ ಬಂದಿದ್ದೇ ಐದು ಗಂಟೆಗೆ ಅಂತ ಠಾಣೆ ಡೈರಿಯಲ್ಲಿ ಬರೆದುಬಿಟ್ಲು."

"ಥೂ! ಎಂಥ ಹೆಂಗಸು" ಅಂದಳು.

"ನಾನೇ ಕಣಮ್ಮ ಅವಳು" ಅಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಯಾರೂ ನನ್ನ ಮುಖ ನೋಡಲಿಲ್ಲ. ಅವರ ಮುಂದೆ ಹೇಳಿದ್ದು ದೊಡ್ಡದೇನಲ್ಲ. ನಾನು ಇದನ್ನು ಹೇಳಬೇಕಾಗಿದ್ದದ್ದು ಬೇರೊಬ್ಬಳಿಗೆ.

ಆ ತಾಯಿ ಪ್ರತಿ ಸೋಮವಾರ ನನಗೆ ಫೋನು ಮಾಡುತ್ತಾಳೆ. ಏನಾದರೂ ಗೊತ್ತಾಯಿತಾ ಅಂತ ಕೇಳುತ್ತಾಳೆ. ಕೊನೆಗೆ ಯಾವಾಗಲೂ, "ನಾನೇ ನೆಂಟ್ರ ಮನೆ ಅಂತ ಅಲ್ದಾಡಿ ಹೊತ್ತು ಕಳೆದ್ಬುಟ್ಟೆ ಮೇಡಂ" ಅನ್ನುತ್ತಾಳೆ. ಆ ದಿನದ ಗಾಬರಿಯಲ್ಲಿ ಕಳಿಸಿದ್ದು ಯಾರು ಅನ್ನೋದೇ ಮರೆತಿದ್ದಾಳೆ ಅಂದುಕೊಂಡಿದ್ದೆ. "ಇರ್ಲಿ ಬಿಡಮ್ಮ, ಆಗಿದ್ದು ಆಯ್ತು" ಅಂತ ಅವಳಿಗೇ ಸಮಾಧಾನ ಹೇಳುತ್ತಿದ್ದೆ. ನಾಚಿಕೆಗೆಟ್ಟವಳು ನಾನು.

ತರಬೇತಿ ಮುಗಿದ ಮೇಲೆ ಹೊರಗೆ ಬೇವಿನ ಮರದ ಕೆಳಗೆ ನಿಂತು ನಾನೇ ಫೋನು ಮಾಡಿದೆ. ಅವಳು ಎತ್ತಿದ ಕೂಡಲೇ "ಸಿಕ್ಕಿದ್ಲಾ?" ಅಂದಳು. ಅಯ್ಯೋ, ಅದನ್ನು ಯೋಚಿಸಿಯೇ ಇರಲಿಲ್ಲ ನಾನು.

"ಇಲ್ಲ ಕಣಮ್ಮ. ಬೇರೆ ಮಾತು. ನೀನು ಎರಡು ಗಂಟೆಗೇ ಬಂದಿದ್ದೆ. ವಾಪಸ್ ಕಳಿಸಿದ್ದು ನಾನು. ಐದು ಅಂತ ಸುಳ್ಳು ಬರೆದಿದ್ದೂ ನಾನೇ" ಅಂದೆ.



"ಗೊತ್ತು ಮೇಡಂ" ಅಂದಳು. "ನಿಮ್ಮೇಲೆ ಸಿಟ್ಟಾದ್ರೆ ನನ್ ಮಗಳ್ನ ಹುಡ್ಕೋರು ಯಾರು?"