ಬಾಯಿ ಬಿಟ್ಟು ಓದುತ್ತಿದ್ದ ಪಂಪಾಪತಿ

ಪಂಪಾಪತಿಗೆ ಬಾಯಿ ಮುಚ್ಚಿಕೊಂಡು ಓದಲು ಬರುತ್ತಿರಲಿಲ್ಲ. ಬಸ್ಸಿನ ಟಿಕೆಟ್ಟು, ಔಷಧಿ ಚೀಟಿ, ಬಿಸ್ಕೀಟು ಪೊಟ್ಟಣದ ಹಿಂಬದಿ, ಯಾರೋ ತೀರಿಕೊಂಡರೆಂದು ಕಂಬಕ್ಕೆ ಅಂಟಿಸಿದ ಹಾಳೆ, ಏನೇ ಇರಲಿ, ಕಣ್ಣಿಗೆ ಅಕ್ಷರ ಬಿತ್ತೆಂದರೆ ತುಟಿ ಅಲುಗುತ್ತಿತ್ತು. ತುಟಿಯ ಹಿಂದೆಯೇ ಸಣ್ಣಗೆ ದನಿ ಹೊರಡುತ್ತಿತ್ತು. ಮೊದಲ ಸಲ ಅವನು ನನ್ನ ಅಂಗಡಿಗೆ ಬಂದಾಗ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದಾನೆ ಎಂದುಕೊಂಡಿದ್ದೆ. ನೋಡಿದರೆ ಕೈಯಲ್ಲಿ ಸುಟ್ಟ ಮಿಕ್ಸರು. ಅದರ ಅಡಿಯ ತಗಡಿನ ಮೇಲಿದ್ದುದನ್ನು, ವೋಲ್ಟು, ವ್ಯಾಟು, ಕಂಪನಿಯ ವಿಳಾಸ ಸಮೇತ, ಮಂತ್ರ ಒಪ್ಪಿಸುವವರ ಹಾಗೆ ಓದುತ್ತ ನಿಂತಿದ್ದ.

ಹೊಸಪೇಟೆಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರು ಬಿಚ್ಚಿ, ಕರಿ ಹಿಡಿದ ತಂತಿ ಕಿತ್ತು, ಹೊಸ ತಾಮ್ರ ಸುತ್ತಿ ಮತ್ತೆ ತಿರುಗಿಸುವುದು ನನ್ನ ಕೆಲಸ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಂಪ್ಲಿ ಕಡೆಯ ಗದ್ದೆಯ ಪಂಪು, ಹಂಪಿಯ ಹೋಟೆಲಿನವರ ಮೋಟರು, ಸಂಡೂರಿನ ಕ್ರಷರು ಎಲ್ಲ ನನ್ನ ಕೈ ದಾಟಿ ಹೋಗಿವೆ. ನಾನು ಸುತ್ತಿದ್ದು ವರ್ಷದೊಳಗೆ ವಾಪಸು ಬಂತು ಎಂದು ಯಾರಾದರೂ ಹೇಳಲಿ ನೋಡೋಣ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬವೇ ಇರಬಹುದು, ಇರಲಿ.

ಪಂಪಾಪತಿ ಎಮ್ಮಿಗನೂರಿನವನು. ಹೆಂಡತಿ, ಒಬ್ಬಳು ಮಗಳೊಂದಿಗೆ ನಮ್ಮ ಹಿಂದಿನ ಓಣಿಯಲ್ಲಿ ಒಂದು ಖೋಲಿಯ ಬಾಡಿಗೆ ಮನೆಯಲ್ಲಿದ್ದ. ವಡ್ಡು ಎಂಬ ಊರಿನ ಹತ್ತಿರದ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಹದಿನಾರು ವರ್ಷದಿಂದ ಕಾಂಟ್ರಾಕ್ಟ್ ಮೇಲೆ ದುಡಿಯುತ್ತಿದ್ದ. ಅಲ್ಲಿ ಒಂದು ನಟ್ಟು ಒಳಗೆ ಬಂದರೂ ಒಂದು ಬೇರಿಂಗ್ ಹೊರಗೆ ಹೋದರೂ ಕಂಪ್ಯೂಟರಿನಲ್ಲಿ ದಾಖಲಾಗಬೇಕು. ಆ ಸಾಫ್ಟ್‌ವೇರಿನ ಮುಂದೆ ಕೂರುವವನು ಇವನು. ಫ್ಯಾಕ್ಟರಿಯಲ್ಲಿ ಎಲ್ಲರೂ ‘ಸಿಸ್ಟಂ ಪಂಪಾಪತಿ’ ಎನ್ನುತ್ತಿದ್ದರು. ಹಾಗೆ ಕರೆದಾಗ ಅವನ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಅವನಿಗೂ ನನಗೂ ಗೆಳೆತನ ಕೂಡಿದ್ದು ಒಂದು ಇಂಗ್ಲಿಷ್ ಪುಸ್ತಕದಿಂದ. ಹೊಸ ನಮೂನೆಯ ಪಂಪಿನ ಸ್ಟಾರ್ಟರ್ ಒಂದು ಬಂದಿತ್ತು. ಜೊತೆಗಿದ್ದ ಪುಸ್ತಕ ನನಗೆ ಓದಲು ಬಾರದು, ಬಾರದು ಎಂದು ಹೇಳಲೂ ಮನಸ್ಸಿಲ್ಲ. ಪಂಪಾಪತಿ ತಾನಾಗಿಯೇ ಅದನ್ನೆತ್ತಿಕೊಂಡು ಮೊದಲ ಪುಟದಿಂದ ಶುರುಮಾಡಿದ. ಒಂದು ಸಾಲು ಇಂಗ್ಲಿಷು, ಒಂದು ಸಾಲು ಕನ್ನಡ. ಅರ್ಧ ಪುಟ ಆಗುವಷ್ಟರಲ್ಲಿ ಎಲ್ಲಿ ಕೈ ಹಾಕಬೇಕೆಂದು ನನಗೆ ಹೊಳೆಯಿತು. ನಾನು ತಂತಿ ಜೋಡಿಸಿ ಗುಂಡಿ ಒತ್ತಿದಾಗ ಅವನು ಇನ್ನೂ ಮೂರನೇ ಪುಟದಲ್ಲಿದ್ದ. ಪುಸ್ತಕ ಮಡಚಿ ನಕ್ಕ. “ನಿಮ್ಮ ಕೈಗೆ ಎಲ್ಲಾ ಗೊತ್ತೈತ್ರಿ ಅಣ್ಣಾರ, ಹೆಸರು ಗೊತ್ತಿಲ್ಲ ಅಷ್ಟ. ನನಗ ಬರೇ ಹೆಸರು ಗೊತ್ತೈತಿ.”

ಯಾಕೆ ಹೀಗೆ ಒದರಿ ಓದುತ್ತೀರಿ, ನಾವೇನು ಕಿವುಡರೇ ಎಂದು ಒಮ್ಮೆ ಛೇಡಿಸಿದೆ. ಆಗ ಅವನು ಎಮ್ಮಿಗನೂರಿನ ಶಾಲೆಯ ಕಥೆ ಹೇಳಿದ. ಅವರ ಮೇಷ್ಟ್ರು ಊಟದ ಮೇಲೆ ಕುರ್ಚಿಗೊರಗಿ ಕಣ್ಣು ಮುಚ್ಚುತ್ತಿದ್ದರಂತೆ. ಹುಡುಗರು ಗಟ್ಟಿಯಾಗಿ ಓದುತ್ತಲೇ ಇರಬೇಕು. ಯಾವ ದನಿ ನಿಂತಿತೆಂದು ಕಣ್ಣು ಮುಚ್ಚಿದ್ದರೂ ಅವರಿಗೆ ಗೊತ್ತಾಗುತ್ತಿತ್ತು, ನಿಂತ ದನಿಗೆ ಬೆತ್ತ. “ಅಲ್ಲಿಂದ ನನಗ ಹಂಗ ಕುಂತುಬಿಟ್ಟೈತ್ರಿ. ಬಾಯಿ ಮುಚ್ಚಿದ್ರ ಅಕ್ಷರ ಬರೇ ಇರುವಿ ಸಾಲು. ಒಳಗ ಹೋಗೂದಿಲ್ಲ.”

ಎರಡು ವರ್ಷದ ಹಿಂದೆ, ಮಳೆಗಾಲ ಹಿಡಿಯುವ ಮುಂಚೆ, ಫ್ಯಾಕ್ಟರಿಯಲ್ಲಿ ಒಂದು ಮಾತು ಹೊರಟಿತು. ಸ್ಟೋರಿಗೆ ಹೊಸ ಕಾಂಟ್ರಾಕ್ಟರು ಬರುತ್ತಾರೆ. ಕಂಪ್ಯೂಟರಿನ ಮುಂದೆ ಕೂರುವವರಿಗೆ ಆ ಸಾಫ್ಟ್‌ವೇರ್ ಮಾಡಿದ ಕಂಪನಿಯದೇ ಸರ್ಟಿಫಿಕೇಟು ಇರಬೇಕು. ದಸರಾದೊಳಗೆ ಪರೀಕ್ಷೆ ಪಾಸು ಮಾಡಿ ತಂದವರಿಗೆ ಕುರ್ಚಿ, ತರದವರಿಗೆ ಯಾರ್ಡು. ಯಾರ್ಡು ಎಂದರೆ ಬಯಲು. ಕೆಂಪು ಧೂಳಿನಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು ಪೈಪು ಎಣಿಸುವ ಕೆಲಸ.

ಆ ಭಾನುವಾರ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಅವನು ಇದನ್ನೆಲ್ಲ ಹೇಳಿದ. ಸಿಟ್ಟಿರಲಿಲ್ಲ, ಒಂದು ಥರದ ಗೊಂದಲವಿತ್ತು. “ಹದಿನಾರು ವರ್ಷ ಮಾಡೀನ್ರಿ. ಬರದವ್ರಿಗೆ ನಾನ ಕಲಿಸೀನಿ. ಈಗ ನಿನಗ ಬರ್ತೈತೋ ಇಲ್ಲೋ ಅಂತ ನನ್ನ ಕೇಳಾಕತ್ಯಾರ.”

ಅಂದಿನಿಂದ ಭಾನುವಾರಗಳೆಲ್ಲ ಪರೀಕ್ಷೆಯ ಪಾಲಾದವು. ಮನೆಯಲ್ಲಿ ಮಗಳ ಓದು ನಡೆದಿರುತ್ತಿದ್ದರಿಂದ ಇವನು ನನ್ನ ಅಂಗಡಿಯ ಬೆಂಚಿನ ಮೇಲೆ ಬಂದು ಕೂರುತ್ತಿದ್ದ. ರಟ್ಟಿನ ನೋಟುಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡು, ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿಕೊಂಡು, ತಲೆ ಅಲ್ಲಾಡಿಸುತ್ತಿದ್ದ. ನಾಲ್ಕು ಉತ್ತರ ಕೊಟ್ಟು ಸರಿಯಾದ ಎರಡನ್ನು ಆರಿಸು ಎನ್ನುವ ಪ್ರಶ್ನೆ ಬಂದರೆ ಅವನಿಗೆ ಸಂಕಟ. ಸ್ಟೋರಿನಲ್ಲಿ ನಾಲ್ಕೂ ರೀತಿ ಮಾಡಿ ನೋಡಿದವನು, ನಾಲ್ಕೂ ನಡೆಯುತ್ತವೆ ಎಂದು ಗೊತ್ತು. “ನಾಕೂ ಸರಿ ಅದಾವ್ರಿ. ಆದ್ರ ಅವರಿಗೆ ಎರಡು ಸಾಕಂತ,” ಎಂದು ನನ್ನ ಮುಖ ನೋಡುತ್ತಿದ್ದ. ಅವನಿಂದಾಗಿ ನನಗೂ ಅಷ್ಟಿಷ್ಟು ತಿಳಿಯಿತು. ಆ ಸಾಫ್ಟ್‌ವೇರಿನಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲವಂತೆ. ಎದುರಿಗೆ ಅದರ ಉಲ್ಟಾ ಒಂದು ಬರೆಯಬೇಕು, ಎರಡೂ ಅಲ್ಲೇ ಉಳಿಯುತ್ತವೆ. ಇದೆಂಥ ಪದ್ಧತಿ ಎಂದರೆ, ಅದೇ ಸರಿಯಾದ ಪದ್ಧತಿ, ತಪ್ಪು ಮಾಡಿದ್ದು ಕಾಣಬೇಕು ಎನ್ನುತ್ತಿದ್ದ.

ಕಂಪನಿಯ ಬಸ್ಸಿನಲ್ಲೂ ಓದು ನಿಲ್ಲುತ್ತಿರಲಿಲ್ಲ. ಮರಿಯಮ್ಮನಹಳ್ಳಿಯ ರೇಣುಕಾ ಎಂಬ ಹುಡುಗಿ, ಸ್ಟೋರಿಗೆ ಸೇರಿ ವರ್ಷವೂ ಆಗಿರಲಿಲ್ಲ, ಅದೇ ಪರೀಕ್ಷೆಗೆ ಕಟ್ಟಿದ್ದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ನೋಟುಬುಕ್ಕಿನಿಂದಲೇ ಪಾಠ ಹೇಳುತ್ತಿದ್ದ. ಬಸ್ಸಿಗೆ ಬಸ್ಸೇ ಕೇಳಬೇಕು. “ಪಂಪಣ್ಣ, ನಾನೂ ಅರ್ಧ ಪಾಸಾದಂಗ ಆತು ನೋಡು,” ಎಂದು ಡ್ರೈವರ್ ಅಣಕಿಸಿದ್ದನ್ನು ಅವನೇ ನಗುತ್ತ ನನಗೆ ಹೇಳಿದ್ದ.

ಇನ್ನು ನನ್ನ ಪಾಲಿನದು. ಪರೀಕ್ಷೆಯ ಕೇಂದ್ರ ಹುಬ್ಬಳ್ಳಿಯಲ್ಲಿತ್ತು. ಅಲ್ಲಿಗೇ ಹೋಗಬೇಕೆಂದು ಅವನ ಮನಸ್ಸು. ಆದರೆ ಕ್ಯಾಮೆರಾ ಇರುವ ಕಂಪ್ಯೂಟರಿದ್ದರೆ ಮನೆಯಲ್ಲೇ ಕೂತು ಬರೆಯಬಹುದು, ಎಲ್ಲೋ ದೂರದಲ್ಲಿ ಕೂತವರು ಕ್ಯಾಮೆರಾದಿಂದ ನೋಡುತ್ತಿರುತ್ತಾರೆ ಎಂದು ಅವನೇ ಬಾಯಿ ಬಿಟ್ಟ. ನಾನು ಬಿಡಲಿಲ್ಲ. ಅಂಗಡಿಯ ಮೇಲಿನ ಖೋಲಿ ಖಾಲಿ ಇದೆ, ಹುಬ್ಬಳ್ಳಿಗೆ ಯಾಕೆ ಎಂದೆ. ಅಲ್ಲಾದರೆ ಎಲ್ಲ ಅವರೇ ನೋಡಿಕೊಳ್ಳುತ್ತಾರೆ ಎಂದು ಅವನು ರಾಗ ಎಳೆದಾಗ, ನಮ್ಮ ಖೋಲಿ ನಿಮ್ಮ ಪರೀಕ್ಷೆಗೆ ಸಾಲದೇನ್ರಿ ಎಂದುಬಿಟ್ಟೆ. ಅದಾದ ಮೇಲೆ ಅವನು ಹುಬ್ಬಳ್ಳಿಯ ಹೆಸರೆತ್ತಲಿಲ್ಲ.

ಪರೀಕ್ಷೆಯ ಹಿಂದಿನ ದಿನ ನಿಯಮಗಳ ಹಾಳೆ ತಂದು ನನಗೆ ಓದಿ ಹೇಳಿದ. ಖೋಲಿಯಲ್ಲಿ ಬೇರೆ ಯಾರೂ ಇರಬಾರದು. ಗೋಡೆಯ ಮೇಲೆ ಬರವಣಿಗೆ ಇರಬಾರದು. ಮುಖಕ್ಕೆ ಕೈ ಅಡ್ಡ ಬರಬಾರದು. ಅದರ ಕೆಳಗೆ, ಪ್ರಶ್ನೆಯನ್ನು ಗಟ್ಟಿಯಾಗಿ ಓದಬಾರದು. ಆ ಸಾಲಿನಲ್ಲಿ ಸ್ವಲ್ಪ ನಿಂತ. “ಗಟ್ಟಿಯಾಗಿ ಯಾಕ ಓದ್ಲಿ, ನನ್ನಷ್ಟಕ್ಕ ನಾನು ಓದ್ಕೊಂತೀನಿ,” ಎಂದು ಮುಂದಿನ ಸಾಲಿಗೆ ಹೋದ. ನನಗೂ ಅದು ಸರಿಯಾಗಿಯೇ ಕಂಡಿತು. ಗಟ್ಟಿಯಾಗಿ ಎಂದರೆ ನಾವಿಬ್ಬರೂ ತಿಳಿದದ್ದು ಎಮ್ಮಿಗನೂರಿನ ಶಾಲೆಯ ಹಾಗೆ, ಇನ್ನೊಬ್ಬರ ಕಿವಿಗೆ ಬೀಳಲೆಂದು ಓದುವುದು. ಅವನು ದಿನಾ ಮಾಡುತ್ತಿದ್ದುದಕ್ಕೆ ನಮ್ಮ ಲೆಕ್ಕದಲ್ಲಿ ಓದು ಎಂದಷ್ಟೇ ಹೆಸರು.

ಭಾನುವಾರ ಬೆಳಿಗ್ಗೆ ಖೋಲಿಯ ಕ್ಯಾಲೆಂಡರು, ದೇವರ ಪಟ ಎಲ್ಲ ಇಳಿಸಿದೆ. ಅವನು ಯಾರಿಂದಲೋ ಕ್ಯಾಮೆರಾದ ಕಂಪ್ಯೂಟರು ಎರವಲು ತಂದಿದ್ದ, ಕರೆಂಟು ಹೋದರೆ ಇರಲೆಂದು ಬ್ಯಾಟರಿ ಇಟ್ಟೆ. ಎದುರಿನ ಹಿಟ್ಟಿನ ಗಿರಣಿಯವನಿಗೆ ಎರಡು ತಾಸು ಗಿರಣಿ ನಿಲ್ಲಿಸೆಂದು ಕೈ ಮುಗಿದೆ. ನಾನು ಯಾರಿಗೂ ಕೈ ಮುಗಿಯುವವನಲ್ಲ. ಅಂಗಡಿಯ ಶಟರ್ ಎಳೆದು, ಯಾರೂ ಹತ್ತದ ಹಾಗೆ ಮೆಟ್ಟಿಲ ಮೇಲೆ ಕೂತೆ. ಓಣಿಯಲ್ಲಿ ಅಷ್ಟು ಸದ್ದಡಗಿದ್ದನ್ನು ನಾನು ಕಂಡಿರಲಿಲ್ಲ. ಆ ಮೌನದಲ್ಲಿ ಬಾಗಿಲ ಹಿಂದಿನಿಂದ ಅವನ ದನಿ ಸಣ್ಣಗೆ, ಒಂದೇ ಸಮನೆ ಕೇಳುತ್ತಿತ್ತು. ಚೆನ್ನಾಗಿ ಬರೆಯುತ್ತಿದ್ದಾನೆ ಎಂದು ನನಗೆ ಸಂತೋಷವಾಯಿತು. ಆಮೇಲೆ ದನಿ ನಿಂತಿತು. ಮುಗಿಯುತ್ತ ಬಂದಿರಬೇಕು ಎಂದುಕೊಂಡೆ.

ಬಾಗಿಲು ತೆರೆದಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಪಾಸೋ ಎಂದು ಕೇಳಿದೆ.

“ಬಾಯಿ ಅಲುಗಿಸಬಾರದಂತ್ರಿ.”

ಮಿಕ್ಕಿದ್ದನ್ನು ಕೇಳಿ ಕೇಳಿ ಹೊರಡಿಸಬೇಕಾಯಿತು. ಅರ್ಧ ಪರೀಕ್ಷೆ ಆಗುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಬಂತಂತೆ. ಇವನು ತುಟಿ ಬಿಗಿಹಿಡಿದ. ಆಗಿನಿಂದ ಪ್ರಶ್ನೆ ಕಣ್ಣಿಗೆ ಕಾಣುತ್ತದೆ, ತಲೆಗೆ ಹೋಗುವುದಿಲ್ಲ. ಒಂದೇ ಪ್ರಶ್ನೆಯನ್ನು ಹತ್ತು ಸಲ ನೋಡಿದ. ಗೊತ್ತಿಲ್ಲದೆ ತುಟಿ ಮತ್ತೆ ಅಲುಗಿತು, ಅದನ್ನು ತಡೆಯಲು ಅಂಗೈ ಬಾಯಿಗೆ ಹೋಯಿತು. ಪರದೆ ಮುಚ್ಚಿಬಿಟ್ಟರು. ಯಾರಿಗೋ ಉತ್ತರ ಹೇಳುತ್ತಿದ್ದಾನೆ, ಇಲ್ಲವೇ ಯಾರಿಂದಲೋ ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಅವರಿಗೆ ಅನುಮಾನ. ನಿಯಮ ಮುರಿದಿದ್ದಕ್ಕೆ ಇನ್ನು ಆರು ತಿಂಗಳು ಪರೀಕ್ಷೆಗೆ ಕೂರುವಂತಿಲ್ಲ. ಇವನು ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಕಳಿಸಿದ. ನಿಯಮದ ಅದೇ ಸಾಲು ತಿರುಗಿ ಬಂತು.

ಮೆಟ್ಟಿಲ ಮೇಲೆ ಕೂತು ಆ ದನಿ ಕೇಳಿಸಿಕೊಂಡವನು ನಾನು. ಹುಬ್ಬಳ್ಳಿಗೆ ಹೋಗಿದ್ದರೂ ಹೀಗೇ ಆಗುತ್ತಿತ್ತೇನೋ. ಅಲ್ಲಿ ಎದುರಿಗಿದ್ದ ಮನುಷ್ಯ ಹತ್ತಿರ ಬಂದು, ಇದು ಇವನ ರೂಢಿ ಎಂದು ತಿಳಿದುಕೊಳ್ಳುತ್ತಿದ್ದನೇನೋ. ಎರಡರಲ್ಲಿ ಯಾವುದು ಸರಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ರೇಣುಕಾ ಪಾಸಾದಳು. ಪಂಪಾಪತಿಯ ಕುರ್ಚಿ ಅವಳಿಗೆ ಬಂತು. ಪಾಸ್‌ವರ್ಡು, ರ್‍ಯಾಕುಗಳ ನಕ್ಷೆ ಎಲ್ಲ ಒಪ್ಪಿಸುವಾಗ ಅವಳು ಅತ್ತಳಂತೆ. “ಅಳಬ್ಯಾಡವ್ವ, ಕೀಬೋರ್ಡ್ ತೊಯ್ತೈತಿ,” ಎಂದು ಹೇಳಿ ಇವನು ಯಾರ್ಡಿಗೆ ನಡೆದ. ಮೊದಮೊದಲು ಅವಳು ದಿನಕ್ಕೆ ನಾಲ್ಕು ಸಲ ಏನಾದರೂ ಕೇಳಲು ಬರುತ್ತಿದ್ದಳು. ಬಿಸಿಲಲ್ಲಿ ನಿಂತೇ ಹೇಳಿಕೊಡುತ್ತಿದ್ದ. ಆಮೇಲೆ ಅವಳಿಗೆ ಕೇಳುವ ಅಗತ್ಯ ಬೀಳಲಿಲ್ಲ. ಬಸ್ಸಿನಲ್ಲಿ ‘ಸಿಸ್ಟಂ’ ಎಂದು ಕರೆದರೆ ಅವಳು ತಿರುಗಿ ನೋಡತೊಡಗಿದಳು. ಇದನ್ನು ಹೇಳಿದ ದಿನ ಮಾತ್ರ ಅವನು ಮಂಡಕ್ಕಿ ಅರ್ಧಕ್ಕೇ ಬಿಟ್ಟು ಎದ್ದ.

ಅವನು ಸೋತು ಕೂತವನಲ್ಲ. ಭಾನುವಾರ ಮತ್ತೆ ನನ್ನ ಬೆಂಚಿಗೆ ಬಂದ. ಬಂದವನೇ ಒಂದು ಗುಟುಕು ನೀರು ಬಾಯಲ್ಲಿ ತುಂಬಿಕೊಂಡು, ನುಂಗದೆ, ಪುಸ್ತಕ ತೆರೆದ. ಬಾಯಲ್ಲಿ ನೀರಿದ್ದರೆ ತುಟಿ ಬಿಚ್ಚುವಂತಿಲ್ಲವಲ್ಲ. ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಅಗಲಿಸಿಕೊಂಡು, ನಲವತ್ತಾರು ವರ್ಷದ ಗಂಡಸು ಬಾಯಿ ಮುಚ್ಚಿ ಓದುವುದನ್ನು ಕಲಿಯುತ್ತಿದ್ದ. ಗಿರಾಕಿಗಳು ನಮಸ್ಕಾರ ಎಂದರೆ ತಲೆಯಷ್ಟೇ ಆಡಿಸುತ್ತಿದ್ದ. ಹಲ್ಲು ನೋವೇನ್ರಿ ಪಾಪ ಎಂದು ಒಬ್ಬರು ಕೇಳಿದಾಗ ನಗು ತಡೆಯಲಾರದೆ ನೀರೆಲ್ಲ ಪುಸ್ತಕದ ಮೇಲೆ ಚೆಲ್ಲಿದ. ಮೊದಲು ಎರಡು ಸಾಲು, ಒಂದೆರಡು ತಿಂಗಳಿಗೆ ಅರ್ಧ ಪುಟ, ಶಿವರಾತ್ರಿ ಹೊತ್ತಿಗೆ ಒಂದು ಪುಟ.

ಪಂಪಾಪತಿ ಈಗ ಇಲ್ಲ. ಯುಗಾದಿ ಮುಗಿದ ವಾರ, ಮಟಮಟ ಮಧ್ಯಾಹ್ನ, ಯಾರ್ಡಿನಲ್ಲಿ ಎರಡು ಸಾಲು ಪೈಪುಗಳ ನಡುವೆ ಕುಸಿದ. ಲೋಡಿಂಗಿನವರು ನೋಡುವಷ್ಟರಲ್ಲಿ ಹೊತ್ತಾಗಿತ್ತು. ಫೋನು ಮಾಡಿದವಳು ರೇಣುಕಾ. ಎಮ್ಮಿಗನೂರಿಗೆ ಹೋಗಿ ಮಣ್ಣು ಹಾಕಿ ಬಂದೆ. ಆರು ತಿಂಗಳು ಮುಗಿಯಲು ಹನ್ನೆರಡು ದಿನ ಬಾಕಿ ಇತ್ತು. ಈ ಸಲ ಹುಬ್ಬಳ್ಳಿಯಲ್ಲೇ ಹೆಸರು ಬರೆಸಿದ್ದನೆಂದು ಅವನ ಹೆಂಡತಿ ಹೇಳಿದರು. ನನಗೆ ಅವನು ಹೇಳಿರಲಿಲ್ಲ.

ಅವನು ಹೋಗುವುದಕ್ಕೆ ಎಂಟು ದಿನ ಮುಂಚೆ ಸುಟ್ಟ ಬ್ಲೋವರ್ ಮೋಟರೊಂದನ್ನು ತರಲು ನಾನು ಅವರ ಫ್ಯಾಕ್ಟರಿಗೆ ಹೋಗಿದ್ದೆ. ಅವನನ್ನು ಕೊನೆಗೆ ಕಂಡದ್ದು ಆಗಲೇ. ಹುಬ್ಬು, ರೆಪ್ಪೆಯ ಮೇಲೆಲ್ಲ ಕೆಂಪು ಧೂಳು ಕೂತಿತ್ತು. ನಿಂತ ಲಾರಿಯೊಂದರ ನೆರಳಿನಲ್ಲಿ ಇಬ್ಬರೂ ಕೂತೆವು. ಅವನ ತುಟಿ ಒಡೆದಿತ್ತು. ಸಮಾಧಾನ ಹೇಳಬೇಕೆನ್ನಿಸಿತು.

“ಬಿಡ್ರಿ ಪಂಪಣ್ಣ, ಸಾಕು. ನನ್ನ ಕಡೆ ಯಾವ ಕಾಗದ ಐತಿ? ನಾನು ಬದುಕಿಲ್ಲೇನು? ಕೈಯಾಗ ಕೆಲಸ ಇದ್ರ ಆತು.”

ಅವನು ಅಂಗೈಯ ಸೀಮೆಸುಣ್ಣ ಒರೆಸಿಕೊಂಡ. ಸಿಟ್ಟಾಗಲಿಲ್ಲ.

“ನಿಮಗ ಬರ್ತೈತೋ ಇಲ್ಲೋ ಅಂತ ನಿಮ್ಮನ್ನ ಯಾರೂ ಕೇಳಿಲ್ಲಲ್ರಿ ಅಣ್ಣಾರ. ನನ್ನ ಕೇಳ್ಯಾರ. ಕೇಳಿದ ಮ್ಯಾಲೆ ಹೇಳಬೇಕಲ್ಲ.”

ಅಷ್ಟರಲ್ಲಿ ಸೂಪರ್‌ವೈಸರು ಸೀಟಿ ಊದಿದ. ಪಂಪಾಪತಿ ಮೊಣಕಾಲಿಗೆ ಕೈ ಊರಿ ಎದ್ದು, ಪ್ಯಾಂಟಿನ ಧೂಳು ಕೊಡವಿ, ಪೈಪುಗಳ ಕಡೆಗೆ ನಡೆದ.