ಪದರಕ್ಕ ಕಂಡ ಉಬ್ಬು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಪದರಕ್ಕ ಎಂದೇ ಕರೆಯುತ್ತಿದ್ದರು. ಕುಲುಮೆಯಲ್ಲಿ ಅವಳು ಬೆಳೆಸುತ್ತಿದ್ದ ಹರಳುಗಳು ಅಭ್ರಕದಂತೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿದ್ದವು. ತಣಿಸುತ್ತ ಹೋದರೆ ಒಂದು ಹಂತದಲ್ಲಿ ಒಂದು ಪದರದ ಪರಮಾಣುಗಳೆಲ್ಲ ಪುಟ್ಟ ಅಯಸ್ಕಾಂತಗಳಂತೆ ಮೇಲ್ಮುಖವಾಗಿ, ಪಕ್ಕದ ಪದರದವು ಕೆಳಮುಖವಾಗಿ ನಿಲ್ಲುತ್ತಿದ್ದವು. ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುವುದರಿಂದ ಹೊರಗೆ ಏನೂ ಕಾಣುತ್ತಿರಲಿಲ್ಲ.

"ಅಂದ್ರೆ ಇಲ್ಲದ್ದನ್ನ ಅಳೀತಾ ಕೂತಿರ್ತೀಯ ಅನ್ನು," ಎಂದು ಮನೆಯಲ್ಲಿ ಅವಳ ಜೊತೆಗಿದ್ದ ಸ್ವಂತ ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಲೇ ನಗುತ್ತಿದ್ದಳು.

ಆ ವರ್ಷ ಹೊಸ ಹರಳೊಂದರ ಅಯಸ್ಕಾಂತ ಗುಣ ಅಳೆದ ಗ್ರಾಫಿನಲ್ಲಿ, ಆ ಹಂತಕ್ಕಿಂತ ಇನ್ನೂ ತಣ್ಣಗಾದಾಗ, ಯಾರೂ ನಿರೀಕ್ಷಿಸದ ಉಬ್ಬೊಂದು ಕಂಡಿತು. ಪ್ರಯೋಗಾಲಯದ ಮುಖ್ಯಸ್ಥರು ಹಿಗ್ಗಿಹೋದರು. ಅಯಸ್ಕಾಂತಗಳು ಮತ್ತೊಮ್ಮೆ ದಿಕ್ಕು ಬದಲಿಸುತ್ತಿವೆಯೆಂದು ಲೇಖನ ಬರೆಸಿ ಪತ್ರಿಕೆಗೆ ಕಳಿಸಿಯೇಬಿಟ್ಟರು.

ಪದರಕ್ಕನಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಹರಳನ್ನು ನಿಲ್ಲಿಸಿ ಅಳೆದರೂ ಮಲಗಿಸಿ ಅಳೆದರೂ ಉಬ್ಬು ಒಂದೇ ಥರ. ಪದರದ ವಸ್ತುವಿಗೆ ದಿಕ್ಕಿನ ಪರಿವೆಯೇ ಇಲ್ಲದಿದ್ದರೆ ಹೇಗೆ? ಅದೇ ಚೂರಿನಲ್ಲಿ ಉಬ್ಬು ಒಂದು ದಿನ ಬೆಳೆಯಿತು, ಇನ್ನೊಂದು ದಿನ ಕುಗ್ಗಿತು. ತನ್ನ ಕಣ್ಣನ್ನೇ ಅನುಮಾನಿಸತೊಡಗಿದಳು. ಕೊನೆಗೆ ರೋಸಿಹೋಗಿ ಹರಳನ್ನೇ ತೆಗೆದಿಟ್ಟು, ಅದನ್ನಿಡುತ್ತಿದ್ದ ಕೊಳವೆಯನ್ನು ಖಾಲಿಯಾಗಿಯೇ ಅಳೆದಳು.

ಉಬ್ಬು ಅಲ್ಲೇ ಇತ್ತು.

ಕೊಳವೆಯ ಬಾಯಿ ಬಿಗಿಯುವ ರಬ್ಬರ್ ಬಳೆ ಸವೆದು, ಅದರ ಸಂದಿನಿಂದ ಗಾಳಿ ನುಸುಳಿತ್ತು. ಆ ಗಾಳಿಯ ಆಮ್ಲಜನಕ ಹೆಪ್ಪುಗಟ್ಟಿ, ತಾನೂ ಅಯಸ್ಕಾಂತದ ಆಟ ಆಡುತ್ತಿತ್ತು.

"ಸರ್, ಉಬ್ಬು ಹರಳಿಂದಲ್ಲ. ಗಾಳೀದು," ಎಂದಳು.

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. "ಲೇಖನ ವಾಪಸ್ ತಗೊಳ್ಳೋಣಮ್ಮ," ಎಂದರು.

ಬಳೆ ಬದಲಾಯಿಸಿ ಮತ್ತೆ ಅಳೆದಾಗ ಉಬ್ಬು ಮಾಯವಾಗಿತ್ತು. ಆದರೆ ಅದು ಮುಚ್ಚಿದ್ದ ಜಾಗದಲ್ಲಿ ಗ್ರಾಫಿನ ಗೆರೆ ತುಸು ಬಾಗಿತ್ತು, ಅದೂ ಹರಳನ್ನು ಮಲಗಿಸಿದಾಗ ಮಾತ್ರ. ಒಮ್ಮೆ ಬೇಸ್ತು ಬಿದ್ದವಳಿಗೆ ಇದನ್ನು ಯಾರಿಗೂ ಹೇಳಲು ಬಾಯಿ ಬರಲಿಲ್ಲ. ರಾತ್ರಿ ಮನೆಯಲ್ಲಿ ಅವಳು ತಟ್ಟೆಯ ಅನ್ನವನ್ನು ಕಲಸುತ್ತಲೇ ಇದ್ದುದು ನೋಡಿ ಅಕ್ಕ, ಈಗ ಅದು ಇದೆಯೋ ಇಲ್ಲವೋ ಎಂದು ಕೇಳಿದಳು.

"ಇದೆ ಅನ್ಸುತ್ತೆ ಅಕ್ಕ. ಅನ್ಸೋದನ್ನ ನಂಬೋಕೇ ಆಗ್ತಿಲ್ಲ."

ಮುಖ್ಯಸ್ಥರಿಗೆ ಹೇಳಿದಾಗ ಅವರು ಈ ಸಲ ಹಿಗ್ಗಲಿಲ್ಲ. ಹರಳನ್ನು, ನ್ಯೂಟ್ರಾನ್ ಕಣಗಳನ್ನು ಹಾಯಿಸಿ ಒಳಗಿನ ಅಯಸ್ಕಾಂತಗಳ ದಿಕ್ಕು ನೋಡುವ ಕೇಂದ್ರಕ್ಕೆ ಕಳಿಸಿದರು. ಕೆಲವು ತಿಂಗಳ ಮೇಲೆ ಉತ್ತರ ಬಂತು: ಆ ಚಳಿಯಲ್ಲಿ ಪುಟ್ಟ ಅಯಸ್ಕಾಂತಗಳು ನಿಜವಾಗಿಯೂ ಸ್ವಲ್ಪ ಪಕ್ಕಕ್ಕೆ ವಾಲುತ್ತಿವೆ. ಏಕೆಂದು ಅಲ್ಲಿಯವರಿಗೂ ತಿಳಿದಿರಲಿಲ್ಲ.

ಪದರಕ್ಕ ಆ ಉತ್ತರವನ್ನು ಬಸ್ ನಿಲ್ದಾಣದಲ್ಲಿ ನಿಂತು ಓದಿದಳು. ನಗಬೇಕೋ ಅಳಬೇಕೋ ತೋಚದೆ, ಬಂದ ಬಸ್ಸನ್ನೂ ಬಿಟ್ಟು ಮತ್ತೆ ಮೊದಲಿನಿಂದ ಓದತೊಡಗಿದಳು.